ಫ್ರೀಜರಿನಲ್ಲಿದ್ದ ಎಲೆಗಳು

"ಅದನ್ನ ತೆಗೀಬೇಡ!" ಮೇಷ್ಟರು ಫ್ರಿಜ್ಜಿಗೆ ಅಡ್ಡ ನಿಂತರು. ನಾದಿನಿಯ ಕೈ ಫ್ರೀಜರಿನ ಹಿಡಿಯ ಮೇಲೆಯೇ ಉಳಿಯಿತು.

"ಭಾವ, ಬಂದವರ ಕಾಫಿಗೆ ಅಂತ ತರಿಸಿದ ಹಾಲು. ಕೆಳಗೆ ಜಾಗ ಇಲ್ಲ. ಎಲ್ಲಿಡ್ಲಿ?"

"ಹಾಲು ಕೆಟ್ರೆ ಕೆಡ್ಲಿ. ಅವಳ ಆಫೀಸಿನವರು ಬರ್ತಾರೆ, ಈ ಎಲೆ ಅವರ ಕೈಗೆ ಕೊಡ್ಬೇಕು. ಅವಳಿಗೆ ಮಾತು ಕೊಟ್ಟಿದೀನಿ."

"ಹೆತ್ತೋರಿಗೆ ಹೆಗ್ಗಣ ಮುದ್ದು ಅಂತಾರೆ. ಅಕ್ಕ ಈ ಎಲೆಗಳನ್ನ ಹೆರದೇನೇ ಮುದ್ದು ಮಾಡಿದ್ಲು," ಎಂದು ನಾದಿನಿ ಕಣ್ಣೊರೆಸಿಕೊಂಡಳು.

ಹಜಾರದಲ್ಲಿ ಮೇಷ್ಟರ ಹೆಂಡತಿಯ ದೇಹವನ್ನು ಮಲಗಿಸಿದ್ದರು. ಸುತ್ತ ಕುಳಿತವರು ಅವಳ ಮೂಗು ತಾಯಿಯ ಕಡೆಯದೋ ತಂದೆಯ ಕಡೆಯದೋ ಎಂದು ಪಿಸುಗುಟ್ಟುತ್ತಿದ್ದರು. ಕೇಳಿಸಿದ್ದರೆ ನಗುತ್ತಿದ್ದಳು. ಕಾಳುಮೆಣಸಿಗೂ ಅದರ ಕಾಡುಬಳ್ಳಿಗಳಿಗೂ ಇರುವ ನಂಟನ್ನು ಅಳೆಯುವುದೇ ಅವಳ ಕಸುಬಾಗಿತ್ತು. ಎಲೆ ಅರೆದು, ಡಿಎನ್‌ಎ ತೆಗೆದು, ಅದರ ಗುರುತಿನ ಗೆರೆಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸುತ್ತಿದ್ದಳು. "ಮುಖ ನೋಡಿ ನೆಂಟರು ಅನ್ಬಾರ್ದು ರೀ, ಗೆರೆ ಎಷ್ಟು ಕೂಡ್ತವೆ ನೋಡ್ಬೇಕು," ಅನ್ನುತ್ತಿದ್ದಳು. ಒಮ್ಮೆ ರಜೆಯಲ್ಲಿ ಆಫೀಸಿನ ಫ್ರೀಜರ್ ಕೆಟ್ಟು, ಕಾಡು ಅಲೆದು ತಂದ ಎಲೆಗಳೆಲ್ಲ ಕೊಳೆತುಹೋದವು. ಅಂದಿನಿಂದ ಪ್ರತಿ ಬಳ್ಳಿಯ ಎಲೆಗಳ ಒಂದು ಪಾಲು ಮನೆಯ ಫ್ರೀಜರಿಗೆ ಬಂತು. ನಿವೃತ್ತಿಯಾದ ಮೇಲೂ ಇಲ್ಲೇ ಉಳಿಯಿತು.

*

ಹೋದ ವಾರ ಔಷಧಿಯ ಉರಿಗೆ ಅವಳ ಬಾಯೆಲ್ಲ ಹುಣ್ಣಾಗಿತ್ತು.

"ರೀ, ಒಂದು ಚೂರು ಐಸ್ ಸಿಕ್ಕಿದ್ರೆ..."

ಪಕ್ಕದ ಮನೆಯಿಂದ ತಂದದ್ದು ಆಗಲೇ ನೀರಾಗಿತ್ತು.

"ಫ್ರೀಜರಿಂದ ಎರಡು ಎಲೆ ಪೊಟ್ಟಣ ತೆಗೆದು ಐಸಿಗೆ ನೀರಿಡ್ಲಾ?"

ಅವಳು ಗಾಬರಿಯಾದಳು. "ಬೇಡ ಬೇಡ. ಒಂದ್ಸಲ ಕರಗಿದ್ರೆ ಮುಗೀತು, ಡಿಎನ್‌ಎ ಹಾಳಾಗುತ್ತೆ. ನಾನು ಹೋದ್ಮೇಲೆ ನನ್ನ ಶಿಷ್ಯನ ಕೈಗೆ ಕೊಡಿ. ಅವನಿಗೆ ಗೊತ್ತು ಅದರ ಬೆಲೆ."

ಮೇಷ್ಟರು ಆಗಲಿ ಎಂದು ಒದ್ದೆ ಬಟ್ಟೆಯಿಂದ ಅವಳ ತುಟಿ ಒರೆಸಿದರು.

*

ಆ ಶಿಷ್ಯ ಈಗ ಸಂಶೋಧನಾ ಕೇಂದ್ರದ ಮುಖ್ಯಸ್ಥ. ಹಾರ ಇಟ್ಟು ಕೈಮುಗಿದವನನ್ನು ಮೇಷ್ಟರು ಅಡುಗೆಮನೆಗೆ ಕರೆತಂದು ಫ್ರೀಜರ್ ತೆರೆದರು.

"ಅಯ್ಯೋ, ಇವು ಇನ್ನೂ ಇದಾವಾ!" ಅವನು ದನಿ ತಗ್ಗಿಸಿದ. "ಬೇಜಾರು ಮಾಡ್ಕೋಬೇಡಿ ಸರ್, ಇವು ಬೇಡ. ಈ ಬಳ್ಳಿಗಳನ್ನೆಲ್ಲ ಮತ್ತೆ ತಂದು, ಹೊಸ ಮಿಷನ್ನಲ್ಲಿ ಡಿಎನ್‌ಎ ಪೂರ್ತಿ ಓದಿಸಿ ಆಗಿದೆ. ಗೆರೆ ಹೋಲಿಸೋ ಕಾಲ ಹೋಯ್ತು."

"ಅವಳಿಗೆ ಹೇಳಿದ್ರಾ?"

"ಹೇಗೆ ಹೇಳೋದು ಸರ್? ಮೇಡಂ ನೊಂದ್ಕೋತಾರೆ ಅಂತ ಸುಮ್ನಿದ್ದೆ. ಎಸೆದುಬಿಡಿ."

ಮೇಷ್ಟರಿಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಅವಳ ಮೇಲೂ ಸಿಟ್ಟು ಬಂತು. ಇಷ್ಟು ವರ್ಷ ಕಾದದ್ದು ನೀರಿನಲ್ಲಿ ಹೋಮ ಮಾಡಿದಂತಾಯಿತು, ಆಗಲಿ. ಆದರೆ ಹೋದ ವಾರ ಅವಳು ಕೇಳಿದ ಆ ಒಂದು ಚೂರು ಐಸ್?

"ಭಾವ, ವ್ಯಾನ್ ಬಂತು. ಎತ್ತೋ ಹೊತ್ತಾಯ್ತು, ಬನ್ನಿ."

ಅವರು ಒಂದು ಪೊಟ್ಟಣ ಹರಿದರು. ಬಿಳಿಯಾಗಿ ಹೆಪ್ಪುಗಟ್ಟಿದ್ದ ಎಲೆಯೊಂದನ್ನು ತಂದು ಹೆಂಡತಿಯ ಒಡೆದ ತುಟಿಗಳ ಮೇಲೆ ಇಟ್ಟರು. ಅದೂ ಒಂದು ಶಾಸ್ತ್ರವಿರಬೇಕೆಂದು ನೆಂಟರು ದಾರಿ ಬಿಟ್ಟು ನಿಂತರು. ಎಲೆ ಮೆಲ್ಲಗೆ ಕಪ್ಪಾಗುತ್ತ ಬಂತು. ಕರಗಿದ ನೀರು ಅವಳ ಗಲ್ಲದ ಮೇಲೆ ಹರಿಯಿತು.