ವಾಡಿ ಎಂಜಿನ್ನಿನ ಸುಳ್ಳು

ಬಾಳೆಹಣ್ಣಿನ ವಾಸನೆ, ಅದೂ ಕಮಲಾಪುರದ ಕೆಂಪು ಬಾಳೆಯದು, ಆಟೋ ತುಂಬ ಹಬ್ಬಿಕೊಂಡಿದೆ, ಕಾಶಿರಾಯನ ತೊಡೆಯ ಮೇಲಿನ ಚೀಲದಿಂದ, ಕಮಲಾಪುರದ ಬಸ್ಸಿಳಿದಾಗಿನಿಂದ ಅದನ್ನು ಕೂಸಿನ ಹಾಗೆ ಅಪ್ಪಿಕೊಂಡೇ ಇದ್ದಾನೆ ಮುದುಕ, ಕೊಡಿಲ್ಲಿ ನಾ ಹಿಡೀತೀನಿ ಅಂದರೂ ಕೊಡಲಿಲ್ಲ, ಇದು ನಿನಗಲ್ಲಲೇ ದೌಲ್ಯಾ, ನಮ್ಮ ವೈನಿಗೆ — ಮತ್ತು ಆ ವೈನಿ, ದೌಲಪ್ಪನ ಹೆಂಡತಿ ಶಾರದಾಬಾಯಿ, ಇಳಕಲ್ ಸೀರೆಯುಟ್ಟು ಆಟೋದ ಈ ಬದಿಗೆ ಕೂತಿದ್ದಾಳೆ, ಆ ಬದಿಗೆ ಕಾಶಿರಾಯ, ನಡುವೆ ತಾನು, ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ ಅಂತಾರಲ್ಲ, ಅದೇ. ಸೋಮವಾರ ಇವಳು ಶರಣಬಸವೇಶ್ವರ ಗುಡಿಗೆ ಹೋದ ಹೊತ್ತಿಗೆ ಕಾಶಿರಾಯನನ್ನು ಗುಟ್ಟಾಗಿ ಕರಕೊಂಡು ಹೋಗಿ ಎಂಜಿನ್ನು ತೋರಿಸಿಬಿಡೋಣ ಅಂತ ಲೆಕ್ಕ ಹಾಕಿದ್ದ, ಆದರೆ ಈ ಕಾಶ್ಯಾ ಫೋನಿನಲ್ಲಿ ಮಾತಾಡುವುದೆಂದರೆ ಇಡೀ ಗಾಜಿಪುರ ಓಣಿಗೆ ಕೇಳಬೇಕು, ಸ್ಟೇಷನ್ ಹತ್ರ ಹಳೀ ಉಗಿ ಎಂಜಿನ್ ತಂದು ನಿಲ್ಲಿಸ್ಯಾರಂತಲೋ, ಮೊಣಕಾಲು ಪೂರಾ ಕೈಕೊಡೋದ್ರಾಗ ಒಮ್ಮೆ ತೋರಿಸೋ — ಒಳಗೆ ಹಿಟ್ಟು ನಾದುತ್ತಿದ್ದವಳು ಹೊರಗೆ ಬಂದು, ನಾನೂ ಬರ್ತೀನ್ರಿ, ನೀವು ಓಡಿಸಿದ ಎಂಜಿನ್ನ ನಾ ನೋಡಬ್ಯಾಡೇನು.

ನೀವು ಓಡಿಸಿದ. ಐವಾನ್-ಎ-ಶಾಹಿ ರಸ್ತೆಯ ಮರಗಳ ನೆರಳು ಮುಖದ ಮೇಲೆ ಹಾದುಹೋಗುತ್ತದೆ, ತಂಪಾಗಿದೆ, ಗೆಳೆಯನ ಮೊಣಕೈ ಪಕ್ಕೆಗೆ ತಾಗುತ್ತಿದೆ, ಎಷ್ಟು ವರ್ಷದ ಮೇಲೆ, ಸುಖವಾಗೇ ಇದೆ ಎಲ್ಲ, ಇವಳ ಆ ಒಂದು ಮಾತು ಬಿಟ್ಟರೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ಹಿರಿಯರೇ ಹೇಳಿದ್ದಾರೆ, ದೌಲಪ್ಪ ಹೇಳಿದ್ದು ಒಂದೇ ಒಂದು, ನಲವತ್ತಾರು ವರ್ಷದ ಹಿಂದೆ, ಕನ್ಯೆ ನೋಡಲು ಹೋದಾಗ, ತಲೆ ಬಗ್ಗಿಸಿ ಕೂತ ಹುಡುಗಿ ಏನು ಕೇಳಿದರೂ ತಲೆ ಎತ್ತುತ್ತಿಲ್ಲ, ಅರಿವೆ ಅಂಗಡಿ ಐತಿ ಅಂದ, ಎತ್ತಲಿಲ್ಲ, ಎರಡು ಎಮ್ಮಿ ಅದಾವು ಅಂದ, ಎತ್ತಲಿಲ್ಲ, ಕೊನೆಗೆ ಬಾಯಿಗೆ ಬಂದೇಬಿಟ್ಟಿತು, ವಾಡಿಯಿಂದ ಗುಲಬರ್ಗಾ ತನಕ ರೈಲಿನ ಎಂಜಿನ್ನಿಗೆ ನಾನೇ ಕಲ್ಲಿದ್ದಲು ಹಾಕೀನಿ, ಬೆವರಿಳಿದು ಬೆನ್ನೆಲ್ಲ ಬೆಂಕಿ ಬೆಳಕಿಗೆ ಕೆಂಪಗ ಹೊಳೀತಿತ್ತು, ಡ್ರೈವರ್ ಅಲ್ಲಾಬಕ್ಷ ಶಾಬಾಶ್ ಬೇಟಾ ಅಂದ — ಆಗ ಎತ್ತಿದಳು. ಆ ಕಣ್ಣು! ಆ ಕಣ್ಣಿಗಾಗಿ ಇನ್ನೂ ಹತ್ತು ಸುಳ್ಳು ಹೇಳುತ್ತಿದ್ದ.

ಖರೇ ನಡೆದದ್ದು ಅವನಿಗೊಬ್ಬನಿಗೆ ಗೊತ್ತು, ಮತ್ತು ಕಾಶಿರಾಯನಿಗೆ. ಕಾಶಿರಾಯ ಆಗ ಫೈರ್‌ಮನ್, ಅಂದು ಜೊತೆಗಾರನಿಗೆ ಜ್ವರ, ಬೆಲ್ಚಾ ಹಿಡಿದು ಒಲೆಯ ಬಾಯಿಗೆ ಕಲ್ಲಿದ್ದಲು ತುಂಬಲು ಅವನೊಬ್ಬನೇ, ವಾಡಿಗೆ ಅರಿವೆ ಗಂಟು ತರಲು ಹೋಗಿದ್ದ ದೌಲಪ್ಪನನ್ನು ಬಾರಲೇ ಅಂತ ಮೇಲೆಳೆದುಕೊಂಡ, ಒಲೆಯ ಬಾಯಿ ತೆರೆದದ್ದೇ ತಡ ಇವನ ಜೀವ ಹಾರಿಹೋಗಿ ಗಂಟಿನಲ್ಲಿ ಮುಖ ಹುದುಗಿಸಿ ಮೂಲೆಯಲ್ಲಿ ಮುದುಡಿದವನು, ಅಯ್ಯೋ ಯಪ್ಪಾ ಯವ್ವಾ, ಶಹಾಬಾದ ದಾಟಿದ ಮೇಲೆ ಒಮ್ಮೆ, ಒಂದೇ ಒಮ್ಮೆ, ಒಂದು ಕಣ್ಣು ತೆರೆದ — ಎದುರಿಗೆ ಬೆನ್ನು, ಕಾಶಿರಾಯನ ಬೆನ್ನು, ಕೆಂಪಗೆ, ಬಗ್ಗಿ ಏಳುತ್ತಿದೆ, ಬಗ್ಗಿ ಏಳುತ್ತಿದೆ. ಮತ್ತೆ ಮುಚ್ಚಿದ.

ಇಳೀರಿ, ಬಂತು, ಅಂದ ಆಟೋದವ. ಬೇಲಿಯೊಳಗೆ ನಿಂತಿದೆ ಎಂಜಿನ್ನು, ಕರೀ ಬಣ್ಣ ಬಳಿಸಿಕೊಂಡು, ಮದುಮಗನ ಹಾಗೆ, ನೋಡುವವರಿಗೆಂದು ಮೆಟ್ಟಿಲೂ ಇಟ್ಟಿದ್ದಾರೆ, ಬಸ್ಸು ಇಳಿಯಲು ಇಬ್ಬರ ಕೈ ಬೇಕಾಗಿದ್ದ ಕಾಶಿರಾಯ ಇದನ್ನು ಮಾತ್ರ ಯಾರನ್ನೂ ಹಿಡಿಯದೆ ಹತ್ತಿದ, ಏನು ಮಾಯೆಯೋ, ಒಲೆಯ ಬಾಯಿಗೆ ಬೆಸುಗೆ ಹಾಕಿ ಮುಚ್ಚಿದ್ದಾರೆ, ಅದರ ಮೇಲೆ ಅಂಗೈಯಿಟ್ಟು ನಿಂತುಬಿಟ್ಟ, ತಣ್ಣಗಾಗ್ಯಾದಲೋ ದೌಲ್ಯಾ, ಇಲ್ಲೇ ಬೆಲ್ಚಾದ ಮ್ಯಾಲೆ ಬದನೀಕಾಯಿ ಸುಟ್ಟು ರೊಟ್ಟಿಗೆ ಹಚ್ಚಿ ತಿಂತಿದ್ವಿ, ನಕ್ಕ, ಕಣ್ಣೊರೆಸಿಕೊಂಡ, ದೌಲಪ್ಪನಿಗೆ ಎದೆ ತುಂಬಿತು, ಕರಕೊಂಡು ಬಂದದ್ದು ಸಾರ್ಥಕ, ಇನ್ನು ಇಳಿದು ಚಹಾ ಕುಡಿದರೆ ಮುಗೀತು — ಆಗ ಹಿಂದೆಯೇ ಹತ್ತಿ ಬಂದ ಇವಳು, ಅಣ್ಣಾರ, ನಮ್ಮವರು ಕಲ್ಲಿದ್ದಲು ಹಾಕಿದ್ದು ಇಲ್ಲೇ ನಿಂತೇನ್ರಿ? ಬೆನ್ನು ಕೆಂಪಗ ಹೊಳೀತಿತ್ತು ಅಂತಾರ, ತಮ್ಮ ಬೆನ್ನು ತಮಗ ಹೆಂಗ ಕಂಡಿತ್ರಿ?

ಕಾಶಿರಾಯ ಗೆಳೆಯನ ಮುಖ ನೋಡಿದ, ದೌಲಪ್ಪ ತನ್ನ ಚಪ್ಪಲಿ ನೋಡಿಕೊಂಡ, ಹೇಳಿಬಿಡ್ತಾನ, ಹೇಳೇಬಿಡ್ತಾನ, ಮುಗೀತು ನನ್ನ ಮಾನ — ಮತ್ತು ಕಾಶಿರಾಯ ಹೇಳಿದ, ಸಾವಕಾಶ, ಹೌದ್ರಿ ವೈನಿ, ಇವನೇ ಹಾಕಿದ್ದು, ನಾ ಅಂಜಿ ಆ ಮೂಲ್ಯಾಗ ಕುಂತಿದ್ದೆ, ಬೆನ್ನು ಕಂಡಿದ್ದು ನನಗ, ನಾನೇ ಇವನಿಗೆ ಹೇಳಿದ್ದು. ದೌಲಪ್ಪನಿಗೆ ಬದುಕಿದೆ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಎಪ್ಪತ್ತು ದಾಟಿದವನು, ಮೊಣಕಾಲು ಸವೆದವನು, ಇದೊಂದನ್ನು ನೋಡಬೇಕು ಅಂತ ಬಸ್ಸು ಹಿಡಿದು ಬಂದವನು, ತನ್ನ ಬಾಳಿನ ಅಷ್ಟು ದೊಡ್ಡ ದಿನವನ್ನು, ಹೆಂಡತಿಯ ಮುಂದೆ ಗೆಳೆಯನ ಮರ್ಯಾದೆ ಉಳಿಯಲಿ ಅಂತ ಎತ್ತಿ ಕೊಟ್ಟುಬಿಟ್ಟನಲ್ಲ, ಅದೂ ಆ ಎಂಜಿನ್ನಿನ ಮೇಲೇ ನಿಂತು — ನಾಚಿಕೆಯಾಯಿತು, ಉರಿಯಿತು, ಸುಳ್ಳು ಅಂದ ದೌಲಪ್ಪ, ಸುಳ್ಳಲೇ, ಮೂಲ್ಯಾಗ ಕುಂತು ಯಪ್ಪಾ ಯವ್ವಾ ಅಂದಾಂವ ನಾನು, ಹಾಕಿದ್ದು ನೀನು, ವಾಡಿಯಿಂದ ಗುಲಬರ್ಗಾ ತನಕ ಒಬ್ಬನೇ, ಶಾಬಾಶ್ ಬೇಟಾ ಅಂದಿದ್ದು ನಿನಗ.

ಶಾರದಾಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಸಿಟ್ಟೋ ನಗುವೋ ತಿಳಿಯಲಿಲ್ಲ, ಆಮೇಲೆ ಅಂದಳು, ಹಂಗಾರ ಅವತ್ತು ನಾ ತಲಿ ಎತ್ತಿದ್ದು ನಿಮಗಲ್ಲ ಬಿಡ್ರಿ, ಈ ಅಣ್ಣಾರಿಗೆ, ಒಂದು ಸುಳ್ಳಿಗೆ ನಲವತ್ತಾರು ವರ್ಷ ಬಿಸಿ ರೊಟ್ಟಿ ಬಡಿದು ಹಾಕೀನಲ್ಲೋ ಶಿವನೇ — ಮತ್ತು ಚೀಲದಲ್ಲಿ ಕೈಹಾಕಿ ಎಲ್ಲಕ್ಕಿಂತ ದಪ್ಪ ಹಣ್ಣು ತೆಗೆದು ಕಾಶಿರಾಯನ ಕೈಗಿಟ್ಟು, ಹೇಳ್ರಿ ಅಣ್ಣಾರ, ಮೊದಲಿಂದ ಹೇಳ್ರಿ, ಖರೇ ಕತಿ. ಕಾಶಿರಾಯ ಹೇಳುತ್ತಿದ್ದಾನೆ, ಕೈ ಬೆಲ್ಚಾ ಹಿಡಿದ ಹಾಗೆ ತಾನೇ ಎದ್ದಿದೆ, ಅವಳು ಕಣ್ಣು ಮಿಟುಕಿಸದೆ ಕೇಳುತ್ತಿದ್ದಾಳೆ, ದೌಲಪ್ಪನಿಗೆ ಹಣ್ಣು ಕೊಟ್ಟಿಲ್ಲ, ಇರಲಿ, ಅವನು ಅದೇ ಹಳೇ ಮೂಲೆಯಲ್ಲಿ ಒರಗಿ ನಿಂತು ನೋಡುತ್ತಿದ್ದಾನೆ, ಈ ಸಲ ಎರಡೂ ಕಣ್ಣು ತೆರೆದು, ಇಷ್ಟು ವರ್ಷ ತನ್ನದೆಂದು ಹೇಳಿಕೊಂಡದ್ದನ್ನು — ಬೆನ್ನು, ಕೆಂಪಗೆ, ಬಗ್ಗುತ್ತದೆ, ಏಳುತ್ತದೆ, ಬಗ್ಗುತ್ತದೆ