ಇದನ್ನ ಆಗಲೇ ಕೇಳಿ ಆಗಿದೆ

ಏಯ್, ರಸ್ತೆಯ ಆ ಬದಿಯಲ್ಲಿ ಹೋಗುವವರೇ, ಸ್ವಲ್ಪ ನಿಂತು ಕೇಳಿ! ಊಟಕ್ಕೆ ಬನ್ನಿ ಎಂದು ಹೆಂಡತಿ ಎರಡನೇ ಸಲ ಕರೆದರೆ, "ಇದನ್ನ ಆಗಲೇ ಕೇಳಿ ಆಗಿದೆ" ಎಂದು ತಲೆಯೆತ್ತದೆ ಹೇಳುವ ಗಂಡಸನ್ನು ಎಲ್ಲಾದರೂ ಕಂಡಿದ್ದೀರಾ? ಅವರೇ ನಮ್ಮ ಚಿಕ್ಕಪ್ಪ.

ಹೊಲಿಗೆ ಯಂತ್ರಗಳ ರಿಪೇರಿ ಅವರ ಕಸುಬು. ಮೊಣಕೈ ಸವೆದ ಬೂದು ಕೋಟು, ಜೇಬಿನ ತುಂಬ ಸ್ಕ್ರೂಡ್ರೈವರು. ನಡೆದರೆ ಟಿಣಿಟಿಣಿ ಸದ್ದು. ಯಾರೋ ಪುಣ್ಯಾತ್ಮರು ಬರೆದು, ಯಾರು ಬೇಕಾದರೂ ಬಳಸಿ, ತಿದ್ದಿಕೊಳ್ಳಿ ಎಂದು ಬಿಟ್ಟುಕೊಟ್ಟ ತಂತ್ರಾಂಶವನ್ನು ಅಂಗಡಿಯ ಕಂಪ್ಯೂಟರಿಗೆ ಇಳಿಸಿಕೊಂಡು, ದರ್ಜಿಗಳೂ ಮೆಕ್ಯಾನಿಕ್ಕುಗಳೂ ಪ್ರಶ್ನೆ ಕೇಳಿ ಉತ್ತರ ಪಡೆಯುವ ಜಾಲತಾಣವೊಂದನ್ನು ಕಟ್ಟಿದ್ದಾರೆ. ಕಟ್ಟಿದ್ದೇನೋ ಸರಿ, ಬಂದ ಪ್ರಶ್ನೆಗೆಲ್ಲ ಇದು ಮೊದಲೇ ಕೇಳಿದ್ದೆಂದು 'ನಕಲು' ಎಂಬ ಮೊಹರೊತ್ತಿ, ಹಳೆಯದೊಂದರ ಕೊಂಡಿ ಅಂಟಿಸಿ, ಮುಂದೆ ಯಾರೂ ಬರೆಯದಂತೆ ಬೀಗ ಜಡಿಯುವುದರಲ್ಲಿರುವ ಉತ್ಸಾಹ ಅವರಿಗೆ ಉತ್ತರಿಸುವುದರಲ್ಲಿಲ್ಲ.

ಮೊನ್ನೆ ಚಿಕ್ಕಮ್ಮನ ಯಂತ್ರವೇ ಕೈಕೊಟ್ಟಿತು. ಸಂಜೆಯೊಳಗೆ ಶಾಲೆಯ ಸಮವಸ್ತ್ರಗಳನ್ನು ಒಪ್ಪಿಸದಿದ್ದರೆ ಮುಂದಿನ ವರ್ಷದ ಕೆಲಸ ಬೇರೆಯವರ ಪಾಲು. ಹೊಲಿಗೆಯೋ, ಒಂದು ಬಿದ್ದರೆ ಎರಡು ಬಿಟ್ಟುಹೋಗುತ್ತಿತ್ತು.

"ರೀ, ಸ್ವಲ್ಪ ಬಂದು ನೋಡ್ರೀ."

"ಸೈಟಲ್ಲಿ ಹಾಕೇ. ನಾಲ್ಕು ಜನಕ್ಕೆ ಉಪಯೋಗ ಆಗುತ್ತೆ."

"ಪಕ್ಕದ ರೂಮಲ್ಲೇ ಇದ್ದೀನಲ್ರೀ!"

"ಶಿಸ್ತು ಅಂದ್ರೆ ಎಲ್ರಿಗೂ ಒಂದೇ."

ಚಿಕ್ಕಮ್ಮ ಹಲ್ಲು ಕಚ್ಚಿಕೊಂಡು ಮೊಬೈಲಿನಲ್ಲಿ ಪ್ರಶ್ನೆ ಬರೆದಳು. ಕಣ್ಣು ಮಿಟುಕಿಸುವುದರೊಳಗೆ ಮೊಹರು ಬಿತ್ತು: ನಕಲು. ಕೊಂಡಿ ಒತ್ತಿದರೆ ಹಳೆಯ ಪ್ರಶ್ನೆ; ಅದೂ ನಕಲು. ಅಲ್ಲಿಂದ ಇನ್ನೊಂದಕ್ಕೆ ಹೋದರೆ ಅದೂ ನಕಲು, ಅದರ ಕೊಂಡಿಯೋ ಹಿಂದಿನದಕ್ಕೇ! ಗಾಣದೆತ್ತಿನಂತೆ ಸುತ್ತಿ ಸಾಕಾಗಿ, ಮೊಬೈಲನ್ನು ಗಂಡನ ಮೂಗಿಗೆ ಹಿಡಿದಳು.

"ಎಲ್ರೀ ಉತ್ತರ? ಇಷ್ಟು ವರ್ಷ ಬೀಗ ಹಾಕಿದ್ದೇ ಹಾಕಿದ್ದು. ಒಳಗೆ ಏನಾದ್ರೂ ಇದೆಯಾ ಅಂತ ಒಂದಿನ ನೋಡಿದ್ರಾ?"

ಚಿಕ್ಕಪ್ಪ ಕೊಂಡಿಗಳನ್ನು ತಾವೇ ಒತ್ತಿ ನೋಡಿದರು. ಮುಖ ಇಷ್ಟು ಚಿಕ್ಕದಾಯಿತು. ಜೇಬು ತಡವುತ್ತ ಎದ್ದು ಹೋದರು. ಸೂಜಿ ಹಿಡಿಯುವ ಕಂಬಿ ಕೂದಲೆಳೆಯಷ್ಟು ಮೇಲೆ ಸರಿದಿತ್ತು. ಕೆಳಗಿಳಿಸಿ ಸ್ಕ್ರೂ ಬಿಗಿ ಮಾಡಿದರು. ಹೊಲಿಗೆ ಸಾಲುಗಟ್ಟಿತು, ಸಮವಸ್ತ್ರಗಳು ಹೊತ್ತಿಗೆ ಸರಿಯಾಗಿ ಹೋದವು. ಆಮೇಲೆ ಹೆಂಡತಿಯ ಪ್ರಶ್ನೆಯ ಬೀಗ ತೆಗೆದು ಉತ್ತರ ಬರೆದರು. ಆದರೆ ಉತ್ತರ ಸರಿಯಿದೆಯೆಂದು ಹಸಿರು ಗುರುತು ಹಾಕುವ ಹಕ್ಕು ಪ್ರಶ್ನೆ ಕೇಳಿದವರದು.

ಅಚ್ಚುಕಟ್ಟನ್ನೇ ಉಪಕಾರವೆಂದು ನಂಬಿದ ಇಂಥವರು ಕಪಾಟು ಜೋಡಿಸುತ್ತ ಜೋಡಿಸುತ್ತ ಅದರಲ್ಲಿಡಬೇಕಾದದ್ದನ್ನೇ ಮರೆಯುತ್ತಾರೆ. ಸರಿಯಾಗಿ ಬೈಯೋಣವೆಂದರೆ ಅಷ್ಟರಲ್ಲಿ ಸ್ಕ್ರೂಡ್ರೈವರ್ ಹಿಡಿದು ಎದ್ದೇಬಿಟ್ಟಿರುತ್ತಾರೆ.

"ಏನೇ, ಆ ಹಸಿರು ಗುರುತು ಹಾಕ್ತೀಯಾ?"

ಚಿಕ್ಕಮ್ಮ ಕೇಳಿಸದವಳಂತೆ ದಾರ ಸುತ್ತುತ್ತಿದ್ದಳು. ಚಿಕ್ಕಪ್ಪ ಬಾಗಿಲವರೆಗೆ ಬಂದರು, ಕೆಮ್ಮಿದರು, ಮತ್ತೆ ಅದನ್ನೇ ಕೇಳಿದರು.