ಮಾತಾಡುವಷ್ಟು ಬೆಳಕು

ವೈರಿಂಗ್ ಮೇಸ್ತ್ರಿಯನ್ನು ಎಲ್ಲರೂ ಪಾಯಿಂಟಣ್ಣ ಎನ್ನುತ್ತಿದ್ದರು. ಯಾವ ಮನೆಗೆ ಹೋದರೂ ಅವನು ಬಾಗಿಲಲ್ಲೇ ನಿಂತು, ಕುತ್ತಿಗೆ ಎತ್ತಿ ಸೂರು ನೋಡಿ, "ಇಲ್ಲೊಂದು ಪಾಯಿಂಟು, ಅಲ್ಲೊಂದು ಪಾಯಿಂಟು" ಎಂದು ಶುರುಮಾಡಿಬಿಡುತ್ತಿದ್ದ. ಕೂತು ಟೀ ಕುಡಿಯುವುದೆಲ್ಲ ಆಮೇಲೆ. ಇಪ್ಪತ್ತೆಂಟು ವರ್ಷದ ಕೆಲಸದಲ್ಲಿ ಒಂದು ಸ್ವಿಚ್‌ಬೋರ್ಡಿಗಾಗಿ ಗಂಡ ಹೆಂಡತಿ ವಾರಗಟ್ಟಲೆ ಮಾತು ಬಿಟ್ಟದ್ದನ್ನು ಕಂಡಿದ್ದ. ಟಿವಿ ಯಾವ ಗೋಡೆಗೆ ಎಂಬ ಚರ್ಚೆಯಲ್ಲಿ ಅತ್ತೆ ಸೊಸೆ ಇಬ್ಬರೂ ಅವನ ಎದುರೇ ಕಣ್ಣೀರು ಹಾಕಿದ್ದರು.

ಈ ಮನೆಯಲ್ಲಿ ಮಾತ್ರ ಜಗಳದ ಭಯವಿಲ್ಲ ಎಂದುಕೊಂಡೇ ಅವನು ಬಂದಿದ್ದ. ಕಟ್ಟಿಸುತ್ತಿದ್ದ ದಂಪತಿಗೆ, ಇಬ್ಬರಿಗೂ, ಚಿಕ್ಕಂದಿನಿಂದ ಕಿವಿ ಕೇಳಿಸುತ್ತಿರಲಿಲ್ಲ. ಗಂಡ ಪುಸ್ತಕಗಳಿಗೆ ರಟ್ಟು ಕಟ್ಟುವ ಬೈಂಡರ್. ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುವವಳು, ಈಗ ಆರು ತಿಂಗಳ ಬಸುರಿ. ಅವರ ಜೊತೆಗೆ ಅವಳ ತಾಯಿ, ಅರವತ್ತು ದಾಟಿದ ಚುರುಕು ಹೆಂಗಸು. ಮನೆಗೆಲ್ಲ ಕಿವಿ ಇದ್ದದ್ದು ಆಕೆಗೊಬ್ಬಳಿಗೇ.

ಗೋಡೆ ಎದ್ದಿತ್ತು, ಗಾರೆ ಆಗಿರಲಿಲ್ಲ. ಪೈಪು ಹೂಳಲು ಗೋಡೆ ಕೊರೆಯುವ ಮುಂಚೆ ಎಲ್ಲೆಲ್ಲಿ ಏನು ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಬೇಕು. ಅವನ ಗುರುತು ಅವನಿಗಿತ್ತು: ದೀಪಕ್ಕೆ ಸೊನ್ನೆ, ಫ್ಯಾನಿಗೆ ಕತ್ತರಿ, ಸ್ವಿಚ್ಚಿಗೆ ಚೌಕ. ಮೂರು ದಿನ ಒಂದೊಂದೇ ಕೋಣೆ ಹಿಡಿದು ನಡೆದ. ಅವನು ಹೇಳಿದ್ದನ್ನು ತಾಯಿ ಕೈಸನ್ನೆಯಲ್ಲಿ ಮಗಳಿಗೆ, ಅಳಿಯನಿಗೆ ದಾಟಿಸುತ್ತಿದ್ದಳು. ಅವರು ಹೇಳಿದ್ದನ್ನು ಬಾಯಲ್ಲಿ ಅವನಿಗೆ ಹೇಳುತ್ತಿದ್ದಳು.

ಮಗಳ ಕೈಗಳು ನೋಡಲು ಚೆಂದ. ಹತ್ತು ಬೆರಳೂ ಒಂದಕ್ಕೊಂದು ಜವಾಬು ಕೊಡುವಂತೆ ಓಡಾಡುತ್ತಿದ್ದವು. ಬೆಡ್‌ರೂಮಿನಲ್ಲಿ ಅವಳು ತೊಟ್ಟಿಲು ಇಡುವ ಜಾಗ ತೋರಿಸಿ, ಬಹಳ ಹೊತ್ತು ಏನೋ ವಿವರಿಸಿದಳು. ಮುಷ್ಟಿ ಬಿಚ್ಚಿ ಮುಚ್ಚಿ, ಬಿಚ್ಚಿ ಮುಚ್ಚಿ ತೋರಿಸಿದಳು.

"ಏನಂತಾರೆ ಅಮ್ಮಾ?" ಎಂದ ಪಾಯಿಂಟಣ್ಣ.

"ಏನಿಲ್ಲ, ರಾತ್ರಿಗೆ ಒಂದು ಸಣ್ಣ ಬಲ್ಬು ಇರ್ಲಿ ಅಂತಾಳೆ," ಎಂದಳು ತಾಯಿ.

ಅಷ್ಟೊಂದು ಸನ್ನೆಗೆ ಇಷ್ಟೇ ಮಾತೇ ಎನ್ನಿಸಿತು ಅವನಿಗೆ. ಆ ಭಾಷೆಯೇ ಹಾಗಿರಬೇಕು ಎಂದುಕೊಂಡು ಒಂದು ಸೊನ್ನೆ ಹಾಕಿ ಮುಂದೆ ಹೋದ. ಹಾಲ್‌ನಲ್ಲಿ ಈಗಿನ ಫ್ಯಾಷನ್ನಿನಂತೆ ಸೂರಿನ ಅಂಚಿನಲ್ಲಿ ಅಡಗಿಸಿಟ್ಟ ಮಂದ ಬೆಳಕು, ಸೋಫಾದ ಹಿಂದೆ ಒಂದು ಉದ್ದನೆಯ ದೀಪ ಎಂದಾಗ ಅಳಿಯ ಬೇಡವೆಂದು ಜೋರಾಗಿ ತಲೆಯಾಡಿಸಿ ತನ್ನ ಮುಖದ ಸುತ್ತ ಅಂಗೈ ಸುತ್ತಿಸಿದ. "ಅವನಿಗೆ ಬೆಳಕು ಜಾಸ್ತಿ ಬೇಕಂತೆ. ರಟ್ಟು ಕಟ್ಟಿ ಕಟ್ಟಿ ಅಭ್ಯಾಸ," ಎಂದಳು ತಾಯಿ. ಕೊನೆಗೆ ಹಿಂದುಗಡೆಯ ಸಣ್ಣ ಕೋಣೆಗೆ ಬಂದಾಗ ಅವಳು ಯಾರನ್ನೂ ಕೇಳಲಿಲ್ಲ. "ಇದು ನಂದು. ಒಂದು ಬಲ್ಬು ಸಾಕು. ನಡೀರಿ."

ನಾಲ್ಕನೆಯ ದಿನ ಮಧ್ಯಾಹ್ನ ಪಾಯಿಂಟಣ್ಣ ಎಲ್ಲವನ್ನೂ ಹಾಳೆಗಿಳಿಸಿ ತಂದ. ಕೋಣೆ ಕೋಣೆಗೂ ಬೇರೆ ಪಟ್ಟಿ. ಮಗಳು ಸಿಮೆಂಟು ಚೀಲಗಳ ಮೇಲೆ ಕೂತು ಬೆರಳಿಟ್ಟು ಓದಿದಳು. 'ಬಾಗಿಲಿನ ಗಂಟೆ: ಹಾಲ್‌ನಲ್ಲಿ ಒಂದು' ಎಂಬಲ್ಲಿ ಬೆರಳು ನಿಂತಿತು. ಬೆಡ್‌ರೂಮಿನ ಪಟ್ಟಿಯನ್ನು ಎರಡು ಸಲ ಓದಿ ಹಾಳೆಯನ್ನು ಗಂಡನಿಗೆ ಕೊಟ್ಟಳು. ಅವನೂ ಓದಿ ಹುಬ್ಬೇರಿಸಿದ. ಇಬ್ಬರೂ ತಾಯಿಯ ಕಡೆ ತಿರುಗಿದರು. ಮಗಳ ಕೈಗಳು ಈಗ ಚೆಂದಕ್ಕೆ ಓಡಾಡುತ್ತಿರಲಿಲ್ಲ, ಗಾಳಿಯನ್ನು ಕುಟ್ಟುತ್ತಿದ್ದವು.

"ಏನಂತೆ ಅಮ್ಮಾ? ಏನಾದ್ರೂ ಬಿಟ್ಟುಹೋಯ್ತಾ?"

ತಾಯಿ ಸೆರಗಿನ ತುದಿ ತಿರುವುತ್ತಾ ನಿಂತಳು.

ಮಗಳು ಪಾಯಿಂಟಣ್ಣನ ಕೈಯಿಂದ ಸೀಮೆಸುಣ್ಣ ಕಿತ್ತುಕೊಂಡು, ಇಟ್ಟಿಗೆ ಗೋಡೆಯ ಮೇಲೆ ಮಾರುದ್ದ ಬರೆದಳು: *ಬಾಗಿಲಿನ ದೀಪ ಎಲ್ಲಿ? ಮಗುವಿನ ದೀಪ ಎಲ್ಲಿ?*

ಅವನು ಅಭ್ಯಾಸಬಲದಿಂದ ತಾಯಿಯ ಮುಖ ನೋಡಿದ. ಆಕೆ ನೆಲ ನೋಡುತ್ತಿದ್ದಳು. ಆಗಲೇ ಅವನಿಗೆ ಹೊಳೆದದ್ದು: ಇವರ ಮನೆಗೆ ಪ್ಲ್ಯಾನ್ ಮಾಡುತ್ತಾ ಮೂರು ದಿನ ಇವರಿಬ್ಬರ ಮುಖವನ್ನೇ ತಾನು ಸರಿಯಾಗಿ ನೋಡಿರಲಿಲ್ಲ. ಓದುಬರಹ ಬಲ್ಲವರು, ಒಂದು ಚೀಟಿ ಬರೆದು ಕೇಳಬಹುದಿತ್ತು. ಕೇಳಬೇಕು ಅನ್ನಿಸಿಯೇ ಇರಲಿಲ್ಲ. ಇನ್ನೊಂದು ಸೀಮೆಸುಣ್ಣ ತೆಗೆದು ಅವಳ ಸಾಲಿನ ಕೆಳಗೆ ಬರೆದ: *ಇದನ್ನು ಯಾರೂ ನನಗೆ ಹೇಳಲಿಲ್ಲ.*

ಬರೆದಾದ ಮೇಲೆ, ಬರೆಯಬಾರದಿತ್ತೇನೋ ಎನ್ನಿಸಿತು.

ಮಗಳು ತಾಯಿಯ ಗಲ್ಲ ಹಿಡಿದು ಮುಖ ಎತ್ತಿಸಿದಳು. ನಿಧಾನವಾಗಿ, ಒಂದೊಂದೇ ಸನ್ನೆ ಮಾಡಿದಳು. ಮಾಡಿ, ಪಾಯಿಂಟಣ್ಣನ ಕಡೆ ಬೆರಳು ತೋರಿಸಿದಳು. ಅವನಿಗೆ ಹೇಳು ಎಂಬುದು ಅವನಿಗೂ ಅರ್ಥವಾಯಿತು.

ತಾಯಿ ಅವನ ಕಡೆ ತಿರುಗಿದಳು. "ಇವಳು ಹೇಳ್ತಾಳೆ... ಬಾಗಿಲಲ್ಲಿ ಗಂಟೆ ಒತ್ತಿದ್ರೆ ಎಲ್ಲಾ ರೂಮಲ್ಲೂ ದೀಪ ಮಿನುಗ್ಬೇಕು ಅಂತ ಮೊದಲ್ನೇ ದಿನಾನೇ ಹೇಳಿದ್ಳಂತೆ. ಮಗು ಅತ್ರೆ ಮಂಚದ ಹತ್ರ ಒಂದು ದೀಪ ಹತ್ತಿ ಆರಿ ಮಾಡ್ಬೇಕು ಅಂದಿದ್ಳಂತೆ."

ಮಗಳ ಕೈ ನಿಲ್ಲಲಿಲ್ಲ. ತಾಯಿ ಈ ಸಲ ಏನನ್ನೂ ಬಿಡಲಿಲ್ಲ.

"ನಮ್ಮಮ್ಮ ಇದನ್ನ ನಿಮಗೆ ಹೇಳ್ದೇ ಮುಚ್ಚಿಟ್ಟಿದ್ದಾಳೆ ಅಂತಾಳೆ. ಇನ್ನೂ ಎಷ್ಟು ಸಲ, ಎಲ್ಲೆಲ್ಲಿ ಹೀಗೆ ಮಾಡಿದ್ದಾಳೋ ನನಗೇನು ಗೊತ್ತು ಅಂತಾಳೆ. ಅಷ್ಟೇ. ಅಷ್ಟೇ ಹೇಳಿದ್ದು."

ಹೇಳಿ, ಗಾರೆ ಇಲ್ಲದ ಮೆಟ್ಟಿಲು ಇಳಿದು ಹೊರಗೆ ಹೋದಳು.

ಪಾಯಿಂಟಣ್ಣ ಹಿಂದೆಯೇ ಹೋದ. ತಾಯಿ ಇಟ್ಟಿಗೆ ರಾಶಿಯ ನೆರಳಲ್ಲಿ ಕೂತಿದ್ದಳು. ಅವನು ಒಂದು ಇಟ್ಟಿಗೆ ಎಳೆದುಕೊಂಡು ಎದುರು ಕೂತ.

"ಬೈಯೋದಿದ್ರೆ ಬೈದ್ಬಿಡಿ," ಎಂದಳು.

"ನಾನ್ಯಾಕೆ ಬೈಲಿ? ಅವರನ್ನ ಎದುರಿಗೆ ನಿಲ್ಲಿಸ್ಕೊಂಡು ನಿಮ್ಮ ಮುಖ ನೋಡಿ ಮಾತಾಡಿದೋನು ನಾನು. ನಂದೇನು ಕಡಿಮೆ ತಪ್ಪಾ?"

ಆಕೆ ಕಣ್ಣೊರೆಸಿಕೊಂಡಳು. "ಮಗುವಾಗಿದ್ದಾಗ ಜ್ವರ ಬಂದು ಅವಳ ಕಿವಿ ಹೋಯ್ತು. ಆವತ್ತಿಂದ ಇವತ್ತಿನ ತನಕ ಬಾಗಿಲು ಬಡಿದ್ರೆ ನಾನು. ಕುಕ್ಕರ್ ಕೂಗಿದ್ರೆ ನಾನು. ನಲ್ಲಿ ಸೋರಿದ್ರೆ ನಾನು. ಬಟ್ಟೆ ಹೊಲಿಸೋರು ಬಂದು, ತೋಳು ಗಿಡ್ಡ ಆಯ್ತು, ಕುತ್ತಿಗೆ ಆಳ ಆಯ್ತು ಅಂತ ರೇಗಿದ್ರೆ ಅದನ್ನೂ ಕೇಳಿಸ್ಕೊಳ್ಳೋಳು ನಾನೇ. ಅದರಲ್ಲಿ ಅರ್ಧ ಅವಳಿಗೆ ಹೇಳ್ತಾನೇ ಇರ್ಲಿಲ್ಲ, ಸುಮ್ನೆ ಯಾಕೆ ನೋವು ಅಂತ. ಹಾಗೇ ರೂಢಿಯಾಗ್ಹೋಯ್ತು." ಒಂದು ಇಟ್ಟಿಗೆ ಚೂರನ್ನು ಕೈಯಲ್ಲಿ ಪುಡಿ ಮಾಡಿದಳು. "ಮಗು ಅತ್ರೆ ಅವಳನ್ನ ಎಬ್ಬಿಸೋಕೆ ನಾನಿದ್ದೀನಲ್ಲ ಅಂದ್ಕೊಂಡಿದ್ದೆ. ಅದನ್ನೂ ಒಂದು ಬಲ್ಬೇ ಮಾಡುತ್ತೆ ಅಂದ್ರೆ, ಹೊಸ ಮನೇಲಿ ನಾನು ಯಾವ ಮೂಲೇಲಿ ಕೂತ್ಕೊಳ್ಲಿ, ನೀವೇ ಹೇಳಿ."

ಯಾವ ಗೋಡೆಯಲ್ಲಿ ಯಾವ ಪಾಯಿಂಟು ಎಂದರೆ ಪಾಯಿಂಟಣ್ಣ ಕಣ್ಣು ಮುಚ್ಚಿ ಹೇಳುತ್ತಿದ್ದ; ಇದು ಅವನ ಕೈಗೆ ಸಿಕ್ಕುವ ವಿಷಯವಾಗಿರಲಿಲ್ಲ.

ಮಗಳು ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಬಂದಳು. ತಾಯಿಯ ಪಕ್ಕ ಭಾರವಾಗಿ ಕೂತು, ಉಸಿರು ಹದಕ್ಕೆ ಬಂದ ಮೇಲೆ ಕೈ ಎತ್ತಿದಳು. ಇದು ಅವನಿಗೆ ಹೇಳಬೇಕಾದ ಮಾತಾಗಿರಲಿಲ್ಲ. ಆದರೂ ಕಂಡಷ್ಟು ಕಂಡ: ಎರಡೂ ತೋಳಲ್ಲಿ ಕೂಸನ್ನು ತೂಗಿದಂತೆ, ಆಮೇಲೆ ಗಂಟಲ ಹತ್ತಿರದಿಂದ ಬೆರಳುಗಳು ಅಲೆ ಅಲೆಯಾಗಿ ಹೊರಗೆ ಹೋದಂತೆ. ತಾಯಿ ಅದನ್ನು ನೋಡುತ್ತಾ ಅಳು ನುಂಗಿದಳು, ನುಂಗಲಾಗದೆ ಅತ್ತಳು, ಮಗಳ ತೊಡೆಗೆ ಒಂದು ಗುದ್ದಿದಳು.

"ಏನಂತಾಳೆ ಗೊತ್ತಾ?" ಎಂದು ಅವಳೇ ಮೂಗೊರೆಸಿಕೊಳ್ಳುತ್ತಾ ಹೇಳಿದಳು. "ಎಬ್ಬಿಸೋದು ಬಲ್ಬು ಮಾಡ್ಲಿ, ನೀನು ಮಗೂಗೆ ಹಾಡು ಹೇಳು, ಕಥೆ ಹೇಳು, ಮಾತು ಕಲಿಸು ಅಂತಾಳೆ. ಅದು ನಮ್ಮಿಬ್ಬರ ಕೈಲೂ ಆಗಲ್ಲ, ಯಾವ ಮೇಸ್ತ್ರಿ ಕೈಲೂ ಆಗಲ್ಲ ಅಂತಾಳೆ. ನಂಗೆಲ್ಲಿ ಹಾಡು ಬರುತ್ತೆ? ಕಾಗೆ ಕಂಠ ನಂದು."

"ಅದು ಅವರಿಗೆ ಗೊತ್ತಿಲ್ವಲ್ಲ, ಹೇಳ್ಬೇಡಿ," ಎಂದ ಪಾಯಿಂಟಣ್ಣ.

ಆಕೆ ಅಳುತ್ತಲೇ ನಕ್ಕಳು. ಅವನು ಹೇಳಿದ್ದನ್ನು ಅಕ್ಷರ ಬಿಡದೆ ಮಗಳಿಗೆ ಸನ್ನೆ ಮಾಡಿ ತೋರಿಸಿದಳು. ಮಗಳು ಪೂರ್ತಿ ನಗಲಿಲ್ಲ. ಕೋಪ ಇನ್ನೂ ಹೋಗಿರಲಿಲ್ಲ. ಆದರೆ ಎದ್ದು ನಿಲ್ಲಲು ತಾಯಿಯ ಕೈಯನ್ನೇ ಹಿಡಿದಳು.

ಆವತ್ತೇ ಮತ್ತೆ ಮೊದಲಿನಿಂದ ಶುರುಮಾಡಿದರು. ಹಳೆಯ ಗುರುತನ್ನೆಲ್ಲ ಅಳಿಯ ಒದ್ದೆ ಬಟ್ಟೆಯಲ್ಲಿ ಒರೆಸಿದ. ಈ ಸಲ ಪಾಯಿಂಟಣ್ಣ ಗೋಡೆಯ ಮೇಲೆ ಬರೆದು ಕೇಳುತ್ತಿದ್ದ, ಅವರು ಬರೆದು ಹೇಳುತ್ತಿದ್ದರು, ಉದ್ದ ವಿಷಯವಿದ್ದರೆ ಮಾತ್ರ ತಾಯಿ. ಕೆಲಸ ಸಾಗುತ್ತಾ ಸಾಗುತ್ತಾ ಹೊತ್ತು ಇಳಿಯಿತು. ಹಾಲ್‌ನಲ್ಲಿ ಗಂಡ ಹೆಂಡತಿ ಏನನ್ನೋ ವಾದಿಸುತ್ತಿದ್ದವರು ಮಾತಾಡುತ್ತಲೇ ಹೆಜ್ಜೆ ಹೆಜ್ಜೆ ಕಿಟಕಿಯ ಕಡೆ ಸರಿಯುತ್ತಿದ್ದುದನ್ನು ಅವನು ಕಂಡ. ಗಂಡ ಕಿಟಕಿಗೆ ಬೆನ್ನು ಮಾಡಿ ನಿಂತ ಕೂಡಲೇ ಹೆಂಡತಿ ಅವನ ಭುಜ ಹಿಡಿದು ತಿರುಗಿಸಿದಳು. ಬೆಳಕು ಹಿಂದಿದ್ದರೆ ಮುಖ ಕಪ್ಪಾಗುತ್ತದೆ. ಮುಖ ಕಪ್ಪಾದರೆ ಅರ್ಧ ಮಾತು ಹೋಯಿತು. ಇನ್ನೈದು ನಿಮಿಷಕ್ಕೆ ಕಿಟಕಿಯ ಬೆಳಕೂ ಸಾಲದೆ ಇಬ್ಬರೂ ಮಾತನ್ನು ನಡುವೆಯೇ ನಿಲ್ಲಿಸಿ ಕೈ ಇಳಿಬಿಟ್ಟರು. ಪಾಯಿಂಟಣ್ಣ ಚೀಲದಿಂದ ಟಾರ್ಚು ತೆಗೆದು ಅವರ ನಡುವೆ ಬೆಳಕು ಹಿಡಿದ. ಮಾತು ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿಯಿತು.

ಆಮೇಲೆ ಅವನಿಗೆ ಯಾರೂ ಹೆಚ್ಚು ಹೇಳಬೇಕಾಗಲಿಲ್ಲ. ಸೋಫಾದ ಹಿಂದಿನ ದೀಪ ಹೋಯಿತು, ಸೂರಿನ ಅಂಚಿನ ಮಂದ ಬೆಳಕು ಹೋಯಿತು. ಊಟದ ಮೇಜಿನ ಮೇಲೆ ಜೋತುಬೀಳುವ ದೀಪವೂ ಬೇಡ, ಎದುರು ಕೂತವರ ಮುಖಕ್ಕೆ ಅಡ್ಡ. ಬಚ್ಚಲಿನ ಸ್ವಿಚ್ಚು ಹೊರಗೆ ಇರಲಿ, ಒಳಗಿರುವವರನ್ನು ಕರೆಯಲು ಎರಡು ಸಲ ಆರಿಸಿ ಹತ್ತಿಸಿದರೆ ಸಾಕು. ಹೊಲಿಗೆ ಯಂತ್ರವನ್ನು ಬಾಗಿಲು ಕಾಣುವ ಹಾಗೆ ತಿರುಗಿಸಿ, ಅದಕ್ಕೆ ಎಡಗಡೆಯಿಂದ ದೀಪ. ಕರೆಂಟು ಹೋದರೆ ಎಲ್ಲರ ಮನೆಯಲ್ಲೂ ಫ್ಯಾನಿನದೇ ಚಿಂತೆ. ಇಲ್ಲಿ ಬ್ಯಾಟರಿಯಿಂದ ಮೊದಲು ಕೋಣೆಗೊಂದು ದೀಪ, ಮಿಕ್ಕದ್ದು ಆಮೇಲೆ.

ಹಿಂದಿನ ಸಣ್ಣ ಕೋಣೆಗೆ ಬಂದಾಗ ಮಗಳು ಸೀಮೆಸುಣ್ಣವನ್ನು ತಾಯಿಯ ಕೈಗೆ ಕೊಟ್ಟು ಬಾಗಿಲಿಗೆ ಒರಗಿ ನಿಂತಳು.

"ನಂಗೇನು ಬೇಕು? ಒಂದು ಬಲ್ಬು ಸಾಕು ಅಂದ್ನಲ್ಲ."

"ಒಂದು ಬಲ್ಬು ದನದ ಕೊಟ್ಟಿಗೆಗೆ ಹಾಕ್ತಾರೆ. ಸರಿಯಾಗಿ ಹೇಳಿ," ಎಂದ ಪಾಯಿಂಟಣ್ಣ.

ಆಕೆ ಆ ನಾಲ್ಕು ಗೋಡೆಗಳನ್ನು ಮೊದಲ ಸಲ ನೋಡುವವಳಂತೆ ಒಂದು ಸುತ್ತು ಬಂದಳು. ಮಂಚ ಎಲ್ಲಿ ಬರುತ್ತದೆ ಎಂದು ಅಳೆದು, ಮಲಗಿದಲ್ಲಿಂದಲೇ ಕೈಗೆ ಸಿಕ್ಕುವಂತೆ ಒಂದು ಚೌಕ ಬರೆದಳು. ಕಿಟಕಿಯ ಪಕ್ಕ ಒಂದು ಸೊನ್ನೆ. ಆಮೇಲೆ ಎದುರು ಗೋಡೆಯ ಮುಂದೆ ನಿಂತು ಬಹಳ ಹೊತ್ತು ಯೋಚಿಸಿ, ಮುಖದ ಎತ್ತರಕ್ಕೆ ಇನ್ನೊಂದು ಸಣ್ಣ ಸೊನ್ನೆ ಹಾಕಿದಳು.

"ಇದೇನು?"

"ಕನ್ನಡಿ ಮೇಲೆ ಹಾಕ್ತಾರಲ್ಲ, ಅದು." ನಾಚಿಕೆಯಿಂದ ಬೇರೆ ಕಡೆ ತಿರುಗಿದಳು. "ಬೇಡ ಅಂದ್ರೆ ಬೇಡ ಬಿಡಿ."

ಅಳಿಯ ಕಿವಿವರೆಗೂ ಬಾಯಗಲಿಸಿ, ಹೆಂಡತಿಗೆ ಏನೋ ಸನ್ನೆ ಮಾಡಿದ. ತಾಯಿ ಅವನ ಮೇಲೆ ಸೀಮೆಸುಣ್ಣ ಎಸೆದಳು.

ಮನೆ ಮುಗಿದು, ಅವರು ಬಂದು ಸೇರಿ, ಹೆಣ್ಣು ಮಗು ಹುಟ್ಟಿ ಎರಡು ತಿಂಗಳಾಗಿತ್ತು. ಒಂದು ದಿನ ಊಟದ ಹೊತ್ತಿಗೆ ಪಾಯಿಂಟಣ್ಣನ ಫೋನಿಗೆ ಆ ಮನೆಯ ಮಗಳ ಸಂದೇಶ ಬಂತು: *ಮಗುವಿನ ದೀಪ ಸುಮ್ಮಸುಮ್ಮನೆ ಮಿನುಗುತ್ತದೆ. ಓಡಿ ಹೋದರೆ ಮಗು ಹಾಯಾಗಿ ಮಲಗಿರುತ್ತದೆ. ದಯವಿಟ್ಟು ಬನ್ನಿ.*

ಹೋಗಿ ಗಂಟೆ ಒತ್ತಿದ. ಮನೆಯೊಳಗೆಲ್ಲ ದೀಪ ಮಿನುಗಿದ್ದು ಕಿಟಕಿಯಿಂದ ಕಂಡಿತು. ಅಳಿಯನೇ ಬಂದು ಬಾಗಿಲು ತೆಗೆದ. ಅಂಗಾತ ಮಲಗಿದ್ದ ಮಗುವಿನ ತೊಟ್ಟಿಲ ಪಕ್ಕ, ಗೋಡೆಯಲ್ಲಿ ಶಬ್ದ ಹಿಡಿಯುವ ಪುಟ್ಟ ಡಬ್ಬಿ. ತಂತಿ ಸರಿಯಿತ್ತು, ಡಬ್ಬಿ ಸರಿಯಿತ್ತು. ಅವನು ಸ್ಟೂಲಿನ ಮೇಲೆ ನಿಂತು ಇದೇನಪ್ಪಾ ಎಂದು ತಲೆ ಕೆರೆದುಕೊಳ್ಳುವಷ್ಟರಲ್ಲಿ ದೀಪ ಮಿನುಗಿತು. ಒಂದು ಕ್ಷಣ ಬಿಟ್ಟು ಮತ್ತೆ ಮಿನುಗಿತು. ಆಗ ಅವನಿಗೆ ಕೇಳಿಸಿತು, ಆ ಮನೆಯಲ್ಲಿ ಆಗ ಎಚ್ಚರವಿದ್ದವರಲ್ಲಿ ಅವನೊಬ್ಬನಿಗೇ ಕೇಳಿಸುವಂಥದ್ದು: ಗೋಡೆಯಾಚೆಯ ಸಣ್ಣ ಕೋಣೆಯಿಂದ, ಮರ ಕೊಯ್ಯುವಂಥ ಗೊರಕೆ.

ಅವನು ಚೀಟಿಯಲ್ಲಿ ಬರೆದು ಕೊಟ್ಟ. ಗಂಡ ಹೆಂಡತಿ ಓದಿ, ಒಬ್ಬರನ್ನೊಬ್ಬರು ನೋಡಿ, ಮಗು ಎದ್ದೀತೆಂಬ ಲೆಕ್ಕವೂ ಇಲ್ಲದೆ ಹೊಟ್ಟೆ ಹಿಡಿದುಕೊಂಡು ನಕ್ಕರು.

ನಗುವಿನ ಗದ್ದಲಕ್ಕೆ ತಾಯಿ ಎದ್ದು ಬಂದಳು, ಕಣ್ಣುಜ್ಜುತ್ತಾ. ವಿಷಯ ತಿಳಿದು ಸೊಂಟದ ಮೇಲೆ ಕೈಯಿಟ್ಟಳು.

"ನಾನಾ? ಗೊರಕೆನಾ? ಜನ್ಮದಲ್ಲಿ ಹೊಡೆದಿಲ್ಲ. ನಿಮ್ಮ ಡಬ್ಬೀನೇ ಕೆಟ್ಟಿರ್ಬೇಕು, ಬದಲಾಯಿಸಿ."

"ಕೆಟ್ಟಿದೆ ಅಂತ್ಲೇ ಇಟ್ಕೊಳ್ಳಿ," ಎಂದು ಪಾಯಿಂಟಣ್ಣ ಡಬ್ಬಿಯನ್ನು ಆ ಗೋಡೆಯಿಂದ ಬಿಚ್ಚಿದ. ಎದುರು ಗೋಡೆಗೆ ತಂತಿ ಎಳೆದು ಕೂಡಿಸಲು ಒಂದು ಗಂಟೆ ಹಿಡಿಯಿತು. ಅಷ್ಟರಲ್ಲಿ ಮಗು ಎದ್ದಿತ್ತು. ಅಜ್ಜಿ ಅದನ್ನು ತೋಳಿಗೆ ಹಾಕಿಕೊಂಡು ಅಂಗಳದ ತನಕ ಹೋಗಿ ಬಂದು ಮಾಡುತ್ತಿದ್ದಳು. ಏನನ್ನೋ ಹಾಡುತ್ತಿದ್ದಳು. ಆಕೆ ಹೇಳಿದ್ದು ನಿಜ, ಕಂಠ ಒರಟೇ. ಪದಗಳೂ ಅಲ್ಲಲ್ಲಿ ತಪ್ಪುತ್ತಿದ್ದವು. ಮಗು ಮಾತ್ರ ಆಕೆಯ ಬಾಯನ್ನೇ ನೋಡುತ್ತಾ ಸುಮ್ಮನಿತ್ತು.